ತೊಂಬತ್ತನಾಲ್ಕು ಪಿಳ್ಳೆ

ಹನ್ನೊಂದು ಕೋಳಿಪಿಳ್ಳೆ ಮಾರುವುದಕ್ಕೆ ಐದು ಕಾಗದ ಬೇಕಂತೆ. ನನ್ನ ಮಗಳ ಮದುವೆಗೂ ಯಾರೂ ಅಷ್ಟು ಕಾಗದ ಕೇಳಿರಲಿಲ್ಲ.

ಅದನ್ನು ನನಗೆ ಹೇಳಿದವನು ಶ್ರೀಶ ಅನ್ನುವ ಕಾರ್ಪೊರೇಷನ್ ಇನ್‌ಸ್ಪೆಕ್ಟರ್. ಗೋವಿಂದರಾಜನಗರದ ಫುಟ್‌ಪಾತು, ಭಾನುವಾರ ಬೆಳಿಗ್ಗೆ. ನಾನು ಲಗ್ಗೆರೆಯಿಂದ ಒಂದೂವರೆ ಗಂಟೆ ನಡೆದು ಬಂದು ಆಗಷ್ಟೇ ಮಂಕರಿ ಇಳಿಸಿದ್ದೆ. ಕುತ್ತಿಗೆ ಮರಗಟ್ಟಿಹೋಗಿತ್ತು. ಕೋಳಿ ಇದ್ದರೆ ಬಸ್ಸಿಗೆ ಹತ್ತಿಸುವುದಿಲ್ಲ. ಆಟೋದವರು ಸೀಟು ಗಲೀಜಾಗುತ್ತದೆ ಅನ್ನುತ್ತಾರೆ. ಹಾಗಾಗಿ ಇಪ್ಪತ್ತು ವರ್ಷದಿಂದ ತಲೆಯ ಮೇಲೇ ಹೊತ್ತು ತರುತ್ತಿದ್ದೇನೆ.

"ಏನಮ್ಮ ನಿನ್ ಹೆಸ್ರು?"

"ಗಂಗಹುಚ್ಚಮ್ಮ ಸಾರ್."

"ಹುಚ್ಚಮ್ಮನಾ?" ಪಕ್ಕದಲ್ಲಿದ್ದ ಡ್ರೈವರನ್ನು ನೋಡಿ ನಕ್ಕ. "ಸರಿಯಾಗೇ ಇಟ್ಟಿದಾರೆ ಬಿಡು."

ನನ್ನ ಮಗನಿಗಿಂತ ಚಿಕ್ಕವನು. ನನಗೆ ಐವತ್ತಮೂರು. ಹುಚ್ಚಮ್ಮ ನಮ್ಮ ಮನೆದೇವತೆ. ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಮಂಕರಿಯಲ್ಲಿ ಪಿಳ್ಳೆಗಳಿದ್ದವು, ಅವನ ಹಿಂದೆ ಜೀಪಿತ್ತು.

ಅವನು ಫೋನು ನೋಡಿಕೊಂಡು ಓದುತ್ತಾ ಹೋದ. ಮರಿಕೋಳಿ ಮಾರುವವರು ಹೆಸರು ನೋಂದಾಯಿಸಬೇಕು. ಸಾಕುವ ಜಾಗದ ವಿಳಾಸದ ಪುರಾವೆ ಬೇಕು. ಮರಿಗಳ ತಾಯಿ ಎಲ್ಲಿಂದ ಬಂತು ಅನ್ನುವುದಕ್ಕೆ ಬಿಲ್ಲು ಬೇಕು. ಲಸಿಕೆ ಹಾಕಿಸಿದ ಸರ್ಟಿಫಿಕೇಟ್ ಬೇಕು. ಸಾಗಿಸುವ ಪಂಜರ ಇಷ್ಟು ಅಗಲ ಇರಬೇಕು, ಅದಕ್ಕೂ ಒಂದು ಕಾಗದ.

"ಇವ್ಯಾವ್ದೂ ಇಲ್ವಾ?"

"ಇಲ್ಲ ಸಾರ್. ನಮ್ಮವ್ವನೂ ಇದೇ ಮಾಡ್ತಿದ್ಲು. ಯಾರೂ ಕೇಳಿರ್ಲಿಲ್ಲ."

"ಈಗ ಕೇಳ್ತಿದೀವಲ್ಲ. ಮಂಕರಿ ತಲೆ ಮೇಲೆ ಇಟ್ಕೊಂಡ್ ನಿಂತ್ಕೊ. ಫೋಟೋ ಬೇಕು."

ಇಳಿಸಿದ ಮಂಕರಿಯನ್ನು ಮತ್ತೆ ಹೊತ್ತೆ. ಬಿಸಿಲಿಗೆ ಕಣ್ಣು ಮುಚ್ಚಿಹೋಯಿತು ಅಂತ ಇನ್ನೊಂದು ಸಲ ನಿಲ್ಲಿಸಿದ. ತರಕಾರಿ ಕೊಳ್ಳಲು ಬಂದವರೆಲ್ಲ ಕಳ್ಳಿಯನ್ನು ನೋಡುವ ಹಾಗೆ ನೋಡಿದರು. ಆಮೇಲೆ ಹೇಳಿದ, ಕಾಗದ ಇಲ್ಲದೆ ಇನ್ನೊಂದು ಸಲ ಇಲ್ಲಿ ಕಂಡರೆ ಕೋಳಿ ಜಪ್ತಿ ಅಂತ. ಬಂದ ದಾರಿಯಲ್ಲೇ ವಾಪಸ್ಸು ನಡೆದೆ. ಮೈಯೆಲ್ಲ ಉರಿಯುತ್ತಿತ್ತು, ಯಾರ ಮೇಲೆ ಉಗಿಯಬೇಕೋ ಗೊತ್ತಾಗಲಿಲ್ಲ.

ನಮ್ಮದು ಲಗ್ಗೆರೆಯ ಹಳೇ ಕಾಲೋನಿ. ಇಲ್ಲಿ ಊರಿದ್ದಾಗ ನಾವು ಊರಾಚೆ ಇದ್ದೆವು. ನಮ್ಮಪ್ಪ ಊರಿನವರ ಹೊಲದಲ್ಲಿ ದುಡಿದ. ಹೊಲ ಸೈಟಾಯಿತು, ಊರಿನವರು ಬಿಲ್ಡಿಂಗು ಕಟ್ಟಿ ಬಾಡಿಗೆಗೆ ಬಿಟ್ಟರು. ಈಗ ಆಚೆ ಅನ್ನುವುದೂ ಇಲ್ಲ, ಸುತ್ತಲೂ ನಾಲ್ಕು ಮಹಡಿ, ನಡುವೆ ನಾವು. ಉಳಿದದ್ದು ಶೀಟಿನ ಮನೆ, ಹಿಂದೆ ಎರಡು ಮಂಚದಷ್ಟು ಹಿತ್ತಲು, ಮತ್ತೆ ಕೋಳಿ.

ಕೋಳಿ ಅಂದರೆ ನನ್ನ ಹಿತ್ತಲಲ್ಲಿರುವುದಷ್ಟೇ ಅಲ್ಲ. ನಮ್ಮಲ್ಲಿ ಕೋಳಿಯನ್ನು ಪಾಲಿಗೆ ಬಿಡುತ್ತಾರೆ. ನನ್ನ ಕೋಳಿಯನ್ನು ಇನ್ನೊಬ್ಬಳ ಮನೆಗೆ ಬಿಡುತ್ತೇನೆ. ಅವಳು ನುಚ್ಚು ಹಾಕಿ, ಕಾವಿಗೆ ಕೂರಿಸಿ, ಪಿಳ್ಳೆ ಮಾಡಿಸುತ್ತಾಳೆ. ಪಿಳ್ಳೆಗಳು ತಾಯಿಯನ್ನು ಬಿಟ್ಟು ಓಡಾಡುವಷ್ಟಾದ ಮೇಲೆ ಅರ್ಧ ಅವಳಿಗೆ, ಅರ್ಧ ನನಗೆ. ಅಲ್ಲಿಯವರೆಗೆ ತಾಯಿ ಯಾರದ್ದೋ ಪಿಳ್ಳೆಯೂ ಅವರದ್ದೇ. ಯಾರಾದರೂ ಕೇಳಿದರೆ ಹಾಗೆಯೇ ಹೇಳಬೇಕು. ಇದಕ್ಕೆ ಬಿಲ್ಲೂ ಇಲ್ಲ, ಸಾಕ್ಷಿಯೂ ಇಲ್ಲ. ಆರು ಮನೆಗೆ ನಾನು ಕೋಳಿ ಬಿಟ್ಟಿದ್ದೆ. ಅದರಲ್ಲಿ ಒಂದು ಭಾಗವ್ವನ ಮನೆ. ಅವಳು ಯಾದಗಿರಿ ಕಡೆಯವಳು, ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಎರಡು ಮಕ್ಕಳು. ಮಕ್ಕಳ ಸ್ಕೂಲಿನ ಬ್ಯಾಗು, ಬೂಟು ಎಲ್ಲ ಕೋಳಿಯಿಂದಲೇ ಬರುತ್ತಿತ್ತು.

ಮಾರಬೇಕಾದರೆ ಕಾಗದ ಬೇಕು. ಸರಿ, ಮಾಡಿಸೋಣ ಅಂತ ಹೊರಟೆ. ಬೆಳಿಗ್ಗೆ ಎರಡು ಅಪಾರ್ಟ್‌ಮೆಂಟಿನ ಮೆಟ್ಟಿಲು ಒರೆಸಿ, ಹತ್ತಕ್ಕೆ ಶ್ರೀಶನ ಆಫೀಸಿನ ಮುಂದೆ ನಿಲ್ಲುತ್ತಿದ್ದೆ. ಕರೆಂಟು ಬಿಲ್ಲು ತೋರಿಸಿದರೆ ಅದು ಸತ್ತ ನನ್ನ ಗಂಡನ ಹೆಸರಲ್ಲಿದೆ, ಆಗುವುದಿಲ್ಲ ಅಂದರು. ಅವನು ಸತ್ತ ಕಾಗದ ತಂದೆ. ಅದರಲ್ಲಿ ಅವನ ಹೆಸರು ಬೇರೆ ಥರ ಬರೆದಿದೆ ಅಂದರು. ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ ಅಂದರು. ಸರ್ವರ್ ಇಲ್ಲ ಅಂದರು. ಅಲ್ಲಿ ಬೆಂಚಿತ್ತು. ಕೂತರೆ ಪ್ಯೂನು ಎಬ್ಬಿಸುತ್ತಿದ್ದ, ಕೋಳಿ ವಾಸನೆ ಬರುತ್ತದೆ ಅಂತ. ನಾನು ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬರುತ್ತಿದ್ದೆ. ಆದರೂ ಎಬ್ಬಿಸುತ್ತಿದ್ದ. ಒಂಬತ್ತು ಸಲ ಅಲೆದೆ. ಕೊನೆಗೆ ಶ್ರೀಶನೇ ಹೇಳಿದ, "ಮೊದ್ಲು ಲಸಿಕೆ ಸರ್ಟಿಫಿಕೇಟ್ ತಗೊಂಬಾ. ಮಿಕ್ಕಿದ್ದು ನೋಡೋಣ."

ಪಶು ಆಸ್ಪತ್ರೆಯ ಡಾಕ್ಟರು ಅನಂತಲಕ್ಷ್ಮಿ ಮೇಡಂ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿದರು, ಅದನ್ನು ಮರೆಯುವುದಿಲ್ಲ.

"ಕೊಕ್ಕರೆ ರೋಗದ ಲಸಿಕೆ ಇದೆಯಮ್ಮ. ಆದ್ರೆ ಒಂದು ಬಾಟ್ಲಿ ಅಂದ್ರೆ ನೂರು ಕೋಳಿಗೆ. ಒಂದ್ಸಲ ಓಪನ್ ಮಾಡಿದ್ರೆ ಎರಡು ಗಂಟೆ ಒಳಗೆ ಹಾಕ್ಬೇಕು, ಇಲ್ಲಾಂದ್ರೆ ಚೆಲ್ಬೇಕು. ನಿಮ್ಮ ಹನ್ನೊಂದಕ್ಕೋಸ್ಕರ ನಾನು ಓಪನ್ ಮಾಡೋಕಾಗಲ್ಲ."

"ನೂರು ತಂದ್ರೆ ಹಾಕ್ತೀರಾ ಮೇಡಂ?"

"ಹತ್ತತ್ರ ನೂರು ತೋರಿಸಿ. ನಾನೇ ನಿಮ್ಮ ಮನೆ ಹತ್ರ ಬರ್ತೀನಿ."

ಆ ದಿನ ಮನೆಗೆ ಓಡಿಕೊಂಡೇ ಬಂದೆ. ಆರು ಮನೆಯ ಹೆಂಗಸರನ್ನೂ ಸೇರಿಸಿ ಹೇಳಿದೆ, ಈ ಸಲ ಎಲ್ಲರ ಕೋಳಿಯೂ ಒಂದೇ ದಿನ ಕಾವಿಗೆ ಕೂರಬೇಕು ಅಂತ. ಕೋಳಿಗೆ ಹಾಗೆಲ್ಲ ಹೇಳಿದ ದಿನ ಕಾವು ಬರುವುದಿಲ್ಲ. ಮೊದಲು ಕಾವಿಗೆ ಬಂದದ್ದಕ್ಕೆ ಒಂದು ಕೆಟ್ಟ ಮೊಟ್ಟೆ ಇಟ್ಟು ಸುಮ್ಮನೆ ಕೂರಿಸಿದೆವು. ಉಳಿದವಕ್ಕೆ ಕಾವು ಬರುವವರೆಗೆ ಕಾದೆವು. ಹದಿನಾರು ದಿನ ಹಿಡಿಯಿತು. ಒಳ್ಳೇ ಮೊಟ್ಟೆಗಳನ್ನು ಮೆಲ್ಲಗೆ ಅಡಿಗೆ ಇಟ್ಟು, ಒಂಬತ್ತು ಕೋಳಿಗಳನ್ನು ಒಂದೇ ಸಂಜೆ ಕೂರಿಸಿದೆವು. ಆ ಮೂರು ವಾರ ಮಾರುವುದಕ್ಕೆ ಒಂದು ಪಿಳ್ಳೆಯೂ ಇರಲಿಲ್ಲ. ಭಾಗವ್ವನ ಮಗ ಚಪ್ಪಲಿಯಲ್ಲೇ ಸ್ಕೂಲಿಗೆ ಹೋದ.

ಇಪ್ಪತ್ತೊಂದನೇ ದಿನ ಮೊಟ್ಟೆ ಒಡೆದವು. ತೊಂಬತ್ತನಾಲ್ಕು ಪಿಳ್ಳೆ! ನನ್ನ ಜೀವಮಾನದಲ್ಲಿ ಅಷ್ಟನ್ನು ಒಟ್ಟಿಗೆ ನೋಡಿರಲಿಲ್ಲ. ಖುಷಿಗೆ ಎಲ್ಲರಿಗೂ ಪಾಯಸ ಮಾಡಿ ಹಾಕಿದೆ.

ಎಂಟನೆಯ ದಿನ ಸೋಮವಾರ. ಡಾಕ್ಟರು ಬರುವ ದಿನ. ಗಾರ್ಮೆಂಟ್ಸಿನವರು ಅರ್ಧ ದಿನ ರಜ ಹಾಕಿದರು. ಏಳು ಮನೆಯ ತಾಯಿ ಕೋಳಿ, ಪಿಳ್ಳೆ ಎಲ್ಲವನ್ನೂ ನನ್ನ ಮನೆಯ ಮುಂದಿನ ಓಣಿಗೆ ತಂದೆವು. ಮೇಡಂ ಐಸ್ ಡಬ್ಬಿಯಿಂದ ಬಾಟಲಿ ತೆಗೆದರು. ಒಂದೊಂದು ಪಿಳ್ಳೆಯ ತಲೆಯನ್ನು ಎರಡು ಬೆರಳಲ್ಲಿ ಹಿಡಿಯಬೇಕು, ಅವರು ಕಣ್ಣಿಗೆ ಒಂದು ತೊಟ್ಟು ಹಾಕುತ್ತಾರೆ, ಪಿಳ್ಳೆ ಕಣ್ಣು ಮಿಟುಕಿಸಿದ ಮೇಲೆ ಬಿಡಬೇಕು. ಅರವತ್ತೋ ಎಪ್ಪತ್ತೋ ಆಗಿತ್ತು. ಓಣಿಯ ಬಾಯಲ್ಲಿ ಜೀಪು ನಿಂತಿತು.

ಎದುರು ಬಿಲ್ಡಿಂಗಿನ ಕಾಂತರಾಜು ಫೋನ್ ಮಾಡಿದ್ದ. ಅವನ ತಾತನ ಹೊಲದಲ್ಲೇ ನಮ್ಮಪ್ಪ ದುಡಿದದ್ದು. ಹೋದ ಹೊಸತೊಡಕಿಗೆ ನನ್ನ ಹತ್ತಿರವೇ ಎರಡು ಹುಂಜ ತೆಗೆದುಕೊಂಡು ಹೋದವನು. ಈಗ ಬಾಡಿಗೆಯವರಿಗೆ ವಾಸನೆಯಂತೆ. ಟೆರೇಸಿನ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದ.

ಶ್ರೀಶ ಜೀಪಿನಿಂದ ಇಳಿದ. ಓಣಿಯೊಳಗೆ ಕಾಲಿಡಲಿಲ್ಲ. ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡು ಅಲ್ಲಿಂದಲೇ ಕೇಳಿದ.

"ಯಾರ್ದಿವು?"

ಹೆಂಗಸರೆಲ್ಲ ನನ್ನ ಮುಖ ನೋಡಿದರು. ಪಿಳ್ಳೆ ಇನ್ನೂ ತಾಯಿ ಬಿಟ್ಟಿಲ್ಲ. ತಾಯಿ ನನ್ನದು. ನಮ್ಮ ಲೆಕ್ಕದಲ್ಲಿ ಇರುವುದು ಒಂದೇ ಉತ್ತರ. ಬೇರೆ ಏನಾದರೂ ಹೇಳಿದರೆ ಈ ಹೆಂಗಸರನ್ನೂ ಆಫೀಸಿಗೆ ಅಲೆಸುತ್ತಾನೆ ಅಂತಲೂ ಅನ್ನಿಸಿತು.

"ಎಲ್ಲಾ ನಂದೇ ಸಾರ್."

"ಎಲ್ಲಾನಾ?"

"ಹೂಂ ಸಾರ್. ತೊಂಬತ್ನಾಲ್ಕು." ಹೆಮ್ಮೆಯಿಂದಲೇ ಹೇಳಿದೆ. ಆ ಬಾಯಿಗೆ ಮಣ್ಣು ಹಾಕಬೇಕಿತ್ತು.

"ಅಂದ್ರೆ ಫಾರಂ ನಡೆಸ್ತಿದೀಯ. ಐವತ್ತು ದಾಟಿದ್ರೆ ಫಾರಂ ಲೈಸೆನ್ಸ್ ಬೇಕು. ವಸತಿ ಏರಿಯಾದಲ್ಲಿ ಫಾರಂ ನಡೆಸೋ ಹಾಗೇ ಇಲ್ಲ."

"ಇಲ್ಲ ಸಾರ್, ಏಳು ಮನೇವು. ಪಾಲಿಗೆ ಬಿಟ್ಟಿರೋದು. ಬಾಟ್ಲಿ ಹಾಳಾಗ್ಬಾರ್ದು ಅಂತ ಸೇರಿಸಿದ್ವಿ. ನೀವೇ ತಾನೆ ಲಸಿಕೆ ಹಾಕ್ಸು ಅಂದಿದ್ದು?"

"ಈಗ್ತಾನೆ ನಂದು ಅಂದೆ. ಎಲ್ಲಾ ರೆಕಾರ್ಡ್ ಆಗಿದೆ." ಜೇಬಿನಿಂದ ಫೋನು ತೆಗೆದು ತೋರಿಸಿದ.

ಮೇಡಂ ಹೇಳಿದರು, ಲಸಿಕೆ ಅರ್ಧಕ್ಕೆ ನಿಂತಿದೆ, ಒಂದು ಅರ್ಧ ಗಂಟೆ ಬಿಡಿ ಅಂತ. ಅವನು ಮೇಲಿನವರ ಹೆಸರು ಹೇಳಿದ. ಮೇಡಂ ಬಾಟಲಿ ಕೆಳಗಿಟ್ಟರು. ಡ್ರೈವರು ಬಿಸ್ಕತ್ತಿನ ಎರಡು ರಟ್ಟಿನ ಡಬ್ಬಿ ತಂದ. ಮಾರುವ ಮಾಲು ಪಿಳ್ಳೆ, ಹಾಗಾಗಿ ಪಿಳ್ಳೆ ಮಾತ್ರ ಜಪ್ತಿ, ದೊಡ್ಡ ಕೋಳಿ ಬೇಡ ಅಂದ ಶ್ರೀಶ. ಡ್ರೈವರು ಪಿಳ್ಳೆಗಳನ್ನು ಟೊಮೇಟೊ ಸುರಿದ ಹಾಗೆ ಡಬ್ಬಿಗೆ ಸುರಿದ. ತಾಯಿ ಕೋಳಿಗಳು ಅವನ ಕಾಲಿಗೆ ಕುಕ್ಕಿದವು. ಒಂದನ್ನು ಒದ್ದ.

"ಎಂಟು ದಿನದ್ದು ಸಾರ್," ಅಂದೆ. "ತಾಯಿ ಕಾವಿಲ್ದೆ ಬದುಕಲ್ಲ. ಆಷಾಢದ ಗಾಳಿ. ಕೈ ಮುಗೀತೀನಿ, ಕೇಸ್ ಬೇಕಾದ್ರೆ ಹಾಕಿ, ಇವನ್ನ ಇಲ್ಲೇ ಬಿಡಿ."

"ಆಫೀಸಿಗೆ ಬಾ. ಅಲ್ಲಿ ಮಾತಾಡೋಣ."

ಜೀಪು ಹೊರಟಿತು. ಡಬ್ಬಿಯೊಳಗಿನ ಕೂಗು ಓಣಿಯ ತುದಿಯವರೆಗೂ ಕೇಳುತ್ತಿತ್ತು. ಮೇಡಂ ಉಳಿದ ಲಸಿಕೆಯನ್ನು ಮೋರಿಗೆ ಚೆಲ್ಲಿದರು. ಸರ್ಟಿಫಿಕೇಟ್ ಕೇಳಿದೆ. "ಪೂರ್ತಿ ಆಗ್ಲಿಲ್ಲವಲ್ಲಮ್ಮ," ಅಂದರು. ಅವರ ಕಣ್ಣು ನನ್ನ ಕಡೆ ತಿರುಗಲಿಲ್ಲ.

ನಾನು, ಭಾಗವ್ವ, ಇನ್ನು ನಾಲ್ವರು ಒಂದೇ ಆಟೋದಲ್ಲಿ ತುಂಬಿಕೊಂಡು ಹೋದೆವು. ಆಫೀಸಿನಲ್ಲಿ ಬಾಗಿಲಿನ ಹೊರಗೇ ನಿಲ್ಲಿಸಿದರು. ಶ್ರೀಶ ಹೊರಗೆ ಹೋಗಿದ್ದ. ಹನ್ನೊಂದೂವರೆಯಿಂದ ಮೂರು ಗಂಟೆಯವರೆಗೆ ಕಾದೆವು. ಪಿಳ್ಳೆಗಳ ಕೂಗು ಮೊದಲು ಹೊರಗಿನವರೆಗೂ ಬರುತ್ತಿತ್ತು. ಒಂದು ಗಂಟೆಗೆ ಕಡಿಮೆಯಾಯಿತು. ಎರಡಕ್ಕೆ ಕಿವಿಗೊಟ್ಟು ಕೇಳಬೇಕಾಯಿತು. ಪಿಳ್ಳೆ ಸುಮ್ಮನಾದರೆ ಏನು ಅಂತ ಕೋಳಿ ಸಾಕಿದವರಿಗೆ ಗೊತ್ತು. ಪ್ಯೂನಿನ ಕಾಲು ಹಿಡಿದೆ. ಅವನು, "ಸಾಹೇಬ್ರು ಬರ್ಲಿ," ಅಂದ.

ಮೂರಕ್ಕೆ ಒಳಗೆ ಕರೆದರು. ಡಬ್ಬಿಗಳನ್ನು ಬರೀ ನೆಲದ ಮೇಲೆ ಇಟ್ಟಿದ್ದರು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ವಾಸನೆ ಹೋಗಲಿ ಅಂತ ಹಾಕಿದ್ದಂತೆ. ಒಂದರ ಮೇಲೊಂದು ಬಿದ್ದು, ಬಿಸಿ ಹುಡುಕಿ ಹುಡುಕಿ, ಕೆಳಗಿದ್ದವು ಉಸಿರುಕಟ್ಟಿ, ಮೇಲಿದ್ದವು ಚಳಿಗೆ ಸತ್ತಿದ್ದವು. ಪ್ಯೂನು ಸತ್ತವನ್ನು ಎತ್ತಿ ಹಳೇ ಪೇಪರಿನ ಮೇಲೆ ಸಾಲಾಗಿ ಹಾಕಿದ್ದ. ಮೂವತ್ತೊಂದು.

ಭಾಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಅಳು ಬರಲಿಲ್ಲ. ಇನ್ನೊಂದು ಸಲ ಎಣಿಸಿದೆ.

ಶ್ರೀಶ ಕಾಗದ ಮುಂದಿಟ್ಟ. ಅವನ ದನಿ ಈಗ ಮೆತ್ತಗಾಗಿತ್ತು. "ನೋಡಮ್ಮ, ಆಗಿದ್ದು ಆಯ್ತು. ನಿನ್ ಮೇಲೆ ಕೇಸೂ ಬೇಡ, ಫೈನೂ ಬೇಡ. ಇದಕ್ಕೊಂದು ಸೈನ್ ಹಾಕ್ಬಿಟ್ಟು ಮಿಕ್ಕಿದ್ದು ತಗೊಂಡ್ ಹೋಗು. ಹೆಬ್ಬೆಟ್ಟಾದ್ರೂ ನಡಿಯುತ್ತೆ."

ನಾನು ಏಳನೇ ಕ್ಲಾಸು ಓದಿದ್ದೇನೆ. ಕಾಗದ ಎತ್ತಿಕೊಂಡು ಓದಿದೆ. 'ನನ್ನ ಬಾಬ್ತು ಮೂವತ್ತೊಂದು ಕೋಳಿಮರಿಗಳು ರೋಗ ತಗುಲಿ ಸತ್ತಿರುತ್ತವೆ. ಉಳಿದವುಗಳನ್ನು ಸುಸ್ಥಿತಿಯಲ್ಲಿ ಪಡೆದುಕೊಂಡಿರುತ್ತೇನೆ. ಈ ಬಗ್ಗೆ ಯಾರ ಮೇಲೂ ನನ್ನ ತಕರಾರು ಇರುವುದಿಲ್ಲ.'

"ರೋಗ ಯಾವ್ದು ಸಾರ್?"

"ಅದೆಲ್ಲ ಫಾರ್ಮಾಲಿಟಿ ಅಮ್ಮ."

"ರೋಗ ಅಂತ ನಾನೇ ಬರ್ಕೊಟ್ರೆ ಆಮೇಲೆ ಏನ್ ಮಾಡ್ತೀರಿ?"

ಅವನು ಪೆನ್ನು ನನ್ನ ಕಡೆ ಸರಿಸಿದ. ಪ್ಯೂನು ಬಾಯಿ ತಪ್ಪಿ ಹೇಳಿದ, "ರೋಗ ಅಂದ್ರೆ ಏರಿಯಾ ಕೋಳಿನೆಲ್ಲ ತೆಗೀಬೇಕಾಗುತ್ತೆ. ರೂಲ್ಸು."

ಅಂದರೆ ಒಂಬತ್ತು ತಾಯಿಗಳೂ ಹೋದವು. ಏಳು ಮನೆಯ ಹುಂಜ, ಕೋಳಿ, ಎಲ್ಲ ಹೊಂಡಕ್ಕೆ. ಆಮೇಲೆ ಲಗ್ಗೆರೆ ಕಾಲೋನಿಯ ಕೋಳಿ ಅಂದರೆ ಯಾರು ಮುಟ್ಟುತ್ತಾರೆ? ಕೊಂದವನು ಅವನು, ರೋಗ ನಮ್ಮದು. ಹಿಂದೆಯೂ ಹೀಗೇ. ಗಲೀಜು ಯಾರು ಮಾಡಿದರೂ ಅಂಟುವುದು ನಮಗೆ.

ಮೇಡಂಗೆ ಫೋನು ಹಚ್ಚಿದೆ. "ರೋಗ ಇತ್ತಾ ಮೇಡಂ? ಬೆಳಿಗ್ಗೆ ನೀವೇ ಮುಟ್ಟಿ ನೋಡಿದ್ರಲ್ಲ, ಒಂದ್ ಮಾತು ಹೇಳಿ." ಮೇಡಂ ದನಿ ತಗ್ಗಿಸಿದರು. "ಚೆನ್ನಾಗೇ ಇದ್ವಮ್ಮ. ಆದ್ರೆ ನನ್ನನ್ನ ಸಾಕ್ಷಿಗೆ ಎಳೀಬೇಡಿ. ಮೇಲಿನವ್ರ ಹತ್ರ ಮಾತು ಕೇಳ್ಬೇಕಾಗುತ್ತೆ." ಕಟ್ ಆಯಿತು. ಒಳ್ಳೆಯವರು. ಅವರ ಒಳ್ಳೇತನ ಅಷ್ಟೇ ದೂರ ಬಂತು.

ಭಾಗವ್ವ ನನ್ನ ತೋಳು ಹಿಡಿದಳು. "ಯಕ್ಕಾ, ಸಹಿ ಹಾಕಿಬಿಡು. ಇನ್ನೂ ಅರವತ್ತು ಅದಾವು. ಹಿಂಗ ನಿಂತ್ರ ಅವೂ ಸಾಯ್ತಾವು. ನನ್ನ ಮಕ್ಕಳ ಮುಖಾ ನೋಡು."

"ಸೈನ್ ಹಾಕಿದ್ರೆ ನಿನ್ ಮನೆ ಕೋಳಿನೂ ಇರಲ್ಲ ಕಣೇ. ಇವತ್ತು ಈ ಅರವತ್ತು ಸಿಗುತ್ತೆ. ನಾಳೆ ಬಂದು ತಾಯಿ ಸಮೇತ ಎತ್ಕೊಂಡ್ ಹೋಗ್ತಾರೆ. ರೋಗದ ಕೋಳಿ ಅಂತ ನಾವೇ ಬರ್ಕೊಟ್ಟಿರ್ತೀವಿ."

ಅವಳು ಕಾಗದ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಆಮೇಲೆ ಶ್ರೀಶನನ್ನು ನೋಡಿದಳು. ತೋಳು ಬಿಟ್ಟಳು. ಸೀದಾ ಹೋಗಿ ಫ್ಯಾನಿನ ಸ್ವಿಚ್ಚು ಆರಿಸಿದಳು. ನೆಲದ ಮೇಲೆ ಕುಕ್ಕರಿಸಿ ಡಬ್ಬಿಗೆ ಕೈ ಹಾಕಿ, ನಾಲ್ಕೈದು ಪಿಳ್ಳೆಗಳನ್ನು ಎತ್ತಿ ರವಿಕೆಯೊಳಗೆ ಇಟ್ಟುಕೊಂಡಳು.

"ಏಯ್! ಜಪ್ತಿ ಮಾಲು ಅದು, ಮುಟ್ಬೇಡ!"

"ಮಾಲ್ ಅಂದ್ರ ಏನ್ರಿ? ಜೀವ ಅದಾವು. ಬರ್ರಿ, ನನ್ನ ಎದಿಗೆ ಕೈ ಹಾಕಿ ತಗೋರಿ. ಬರ್ರಿ!"

ಅವನು ಎರಡು ಹೆಜ್ಜೆ ಹಿಂದೆ ಸರಿದ. ಉಳಿದ ನಾಲ್ವರೂ ಕೂತರು. ಮಡಿಲಿಗೆ, ಕಂಕುಳಿಗೆ, ಸೆರಗಿನ ಗಂಟಿಗೆ ಪಿಳ್ಳೆ ತುಂಬಿಕೊಂಡರು. ಪ್ಯೂನು ಬಾಗಿಲಲ್ಲಿ ನಿಂತು ನೋಡಿದ. ಯಾರನ್ನೂ ಎಬ್ಬಿಸಲಿಲ್ಲ.

ನಾನು ಮೇಜಿನ ಮೇಲಿದ್ದ ಶ್ರೀಶನ ಪೆನ್ನು ತೆಗೆದುಕೊಂಡೆ. ಅವನ ಮುಖ ಅರಳಿತು. 'ರೋಗ ತಗುಲಿ' ಅನ್ನುವುದನ್ನು ಹೊಡೆದು ಹಾಕಿದೆ. ಮೇಲೆ ಬರೆದೆ: 'ಈ ಆಫೀಸಿನ ನೆಲದ ಮೇಲೆ, ಫ್ಯಾನಿನ ಕೆಳಗೆ, ಚಳಿ ತಗುಲಿ.' 'ಸುಸ್ಥಿತಿಯಲ್ಲಿ' ಹೊಡೆದೆ. 'ಯಾರ ಮೇಲೂ ನನ್ನ ತಕರಾರು ಇರುವುದಿಲ್ಲ' ಪೂರ್ತಿ ಹೊಡೆದೆ. ಅದರ ಕೆಳಗೆ ಬರೆದೆ: 'ಇನ್‌ಸ್ಪೆಕ್ಟರ್ ಶ್ರೀಶ ಅವರ ಮೇಲೆ ನನ್ನ ತಕರಾರು ಇದೆ.' ಸೈನು ಹಾಕಿದೆ.

"ತಗೊಳ್ಳಿ ಸಾರ್. ಸೀಲ್ ಹಾಕಿ, ನಂಗೊಂದು ಕಾಪಿ ಕೊಡಿ."

ಅವನು ಓದಿದ. ಕಿವಿ ಕೆಂಪಾಯಿತು. "ನಿಂಗೇನು ತಲೆ ಕೆಟ್ಟಿದ್ಯಾ? ಇದನ್ನ ನಾನು ತಗೊಳಲ್ಲ. ಆಚೆ ನಡೀರಿ ಎಲ್ರೂ. ಪೊಲೀಸ್‌ಗೆ ಫೋನ್ ಮಾಡ್ತೀನಿ."

"ಮಾಡಿ. ಅವ್ರಿಗೂ ಇದ್ನೇ ಓದ್ಕೊಡ್ತೀನಿ. ಸತ್ತಿರೋದನ್ನ ಕೊಯ್ದು ನೋಡ್ಲಿ, ರೋಗ ಎಲ್ಲಿದೆ ತೋರಿಸ್ಲಿ. ಅಲ್ಲೀತನಕ ನಾವು ಏಳಲ್ಲ."

ನಾನೂ ಕೂತೆ. ಅವನು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ, ಒಳಗೆ ಬಂದ, ಮತ್ತೆ ಹೊರಗೆ ಹೋದ. ಪೊಲೀಸು ಬರಲಿಲ್ಲ. ಪಕ್ಕದ ರೂಮಿನವರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ಇಣುಕಿ ಹೋದರು. ನನ್ನ ಮಡಿಲಲ್ಲಿ ಹದಿನಾಲ್ಕು ಇದ್ದವು. ಬಿಸಿ ತಾಗಿ ಒಂದೊಂದಾಗಿ ಮಿಸುಕತೊಡಗಿದವು.

ಭಾಗವ್ವ ರವಿಕೆಯಿಂದ ಒಂದನ್ನು ತೆಗೆದಳು. ಅಂಗೈಯಲ್ಲಿಟ್ಟು ಊದಿದಳು. ಎರಡು ಸಲ ಉಜ್ಜಿದಳು. ಅದರ ಕತ್ತು ಬೆರಳಿನ ಸಂದಿಯಿಂದ ಜೋತುಬಿತ್ತು. ಎದ್ದು ಹೋಗಿ ಶ್ರೀಶನ ಮೇಜಿನ ಮೇಲೆ, ಅವನ ಫೈಲುಗಳ ಮೇಲೆ ಇಟ್ಟಳು.

ನಾನೂ ಎದ್ದೆ. ಕಾಗದ ಅಲ್ಲೇ ಇತ್ತು. ಮೂವತ್ತೊಂದನ್ನು ಹೊಡೆದು ಮೂವತ್ತೆರಡು ಅಂತ ಬರೆದೆ.